ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಗ್ರೀಕ್ ಪುರಾಣ: ದೇವತೆಗಳ ಪಟ್ಟಿಯಿಂದಲೇ ಶುರು ಮಾಡಬೇಕೇ?

ಹೊಸ ಪಾಠ

ಈ ವರ್ಷ ಒಂಬತ್ತನೆಯ ತರಗತಿಯ ಇಂಗ್ಲಿಷ್ ನನ್ನ ಪಾಲಿಗೆ ಬಂದಿದೆ. ಗ್ರೀಕ್ ಕವಿ ಹೋಮರ್‌ನ ಮಹಾಕಾವ್ಯ ‘ಒಡಿಸ್ಸಿ’ಯ ಆಯ್ದ ಭಾಗಗಳನ್ನು ಓದಿಸುವ ಮೊದಲು ಹತ್ತು ಹನ್ನೆರಡು ಪಿರಿಯಡ್‌ಗಳಲ್ಲಿ ಗ್ರೀಕ್ ಪುರಾಣದ ಪರಿಚಯ ಮಾಡಿಕೊಡಬೇಕು. ಹಿಂದೆ ಈ ಪಾಠ ಮಾಡುತ್ತಿದ್ದವರು ಬಿಟ್ಟುಹೋದ ಕಡತ ತೆರೆದರೆ ಮೊದಲ ಹಾಳೆಯಲ್ಲೇ ಒಂದು ದೊಡ್ಡ ಕೋಷ್ಟಕ: ಒಲಿಂಪಸ್‌ನ ಹನ್ನೆರಡು ದೇವತೆಗಳು, ಗ್ರೀಕ್ ಹೆಸರು, ರೋಮನ್ ಹೆಸರು, ಯಾರ ಕೈಯಲ್ಲಿ ಯಾವ ಆಯುಧ, ಯಾರ ಪಕ್ಕ ಯಾವ ಪ್ರಾಣಿ. ಅದರ ಬೆನ್ನಿಗೇ ಹೊಂದಿಸಿ ಬರೆಯುವ ಕಿರುಪರೀಕ್ಷೆ. ಮಕ್ಕಳು ಇದನ್ನು ಸಲೀಸಾಗಿ ಬಾಯಿಪಾಠ ಮಾಡುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಇಂಗ್ಲಿಷ್ ಪಾಠವೋ ರಸಪ್ರಶ್ನೆಯ ತಯಾರಿಯೋ ತಿಳಿಯುತ್ತಿಲ್ಲ.

ಇನ್ನೊಂದು ತಲೆನೋವು: ಈ ಕಥೆಗಳಲ್ಲಿ ಅರ್ಧಕ್ಕರ್ಧ ದೇವತೆಗಳು ಹೆಣ್ಣುಮಕ್ಕಳನ್ನು ಅಟ್ಟಿಸಿಕೊಂಡು ಹೋಗುವ, ಹೊತ್ತೊಯ್ಯುವ ಕಥೆಗಳೇ. ಹದಿನಾಲ್ಕು ವರ್ಷದವರ ಮುಂದೆ ಇದನ್ನು ಹೇಗೆ ಹೇಳುವುದು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಕೆಂಪು ಶಾಯಿ

ಕೋಷ್ಟಕವನ್ನು ಅಷ್ಟು ಸುಲಭವಾಗಿ ಹೀಗಳೆಯಬೇಡಿ ಮೇಡಂ. ‘ರೋಮಿಯೋ ಅಂಡ್ ಜೂಲಿಯಟ್’ ಮೂರನೆಯ ಅಂಕದಲ್ಲಿ ಜೂಲಿಯಟ್ ರಾತ್ರಿ ಬೇಗ ಬರಲೆಂದು ಹಾತೊರೆಯುತ್ತಾಳೆ. ಫೇಟನ್‌ನಂಥ ಸಾರಥಿ ಸೂರ್ಯನ ಕುದುರೆಗಳಿಗೆ ಚಾಟಿ ಬೀಸಿದರೆ ಕತ್ತಲು ಕೂಡಲೇ ಬರುತ್ತಿತ್ತು ಎನ್ನುತ್ತಾಳೆ. ಫೇಟನ್ ಆ ಕುದುರೆಗಳನ್ನು ಹಿಡಿತದಲ್ಲಿಡಲಾರದೆ ಸತ್ತವನು ಎಂದು ಗೊತ್ತಿಲ್ಲದ ವಿದ್ಯಾರ್ಥಿಗೆ ಅದು ಬರೀ ಅಲಂಕಾರ. ಗೊತ್ತಿದ್ದವನಿಗೆ ಅಲ್ಲೇ ಎದೆ ಧಸಕ್ಕೆನ್ನುತ್ತದೆ. ಹೆಸರುಗಳು ನಾಲಿಗೆಯ ತುದಿಯಲ್ಲಿರಬೇಕು. ಬಾಯಿಪಾಠ ಎಂದರೆ ಮೂಗು ಮುರಿಯುವ ಕಾಲ ಇದು, ಇರಲಿ.

ಹಳೆಯ ಡಸ್ಟರ್

ಸರ್, ನಿಮ್ಮ ಉದಾಹರಣೆ ನಿಮಗೇ ತಿರುಗುಬಾಣವಾಯಿತು. ಫೇಟನ್ ಆ ಹನ್ನೆರಡು ದೇವತೆಗಳ ಕೋಷ್ಟಕದಲ್ಲಿ ಇಲ್ಲವೇ ಇಲ್ಲ. ಅವನು ಸಿಗುವುದು ಕಥೆಯಲ್ಲಿ. ಕೋಷ್ಟಕವನ್ನು ಉರುಹೊಡೆದ ಹುಡುಗ ಜೂಲಿಯಟ್‌ಳ ಆ ಸಾಲಿನ ಮುಂದೆ ಪಿಳಿಪಿಳಿ ಕಣ್ಣು ಬಿಡುತ್ತಾನೆ.

ಹೊಸ ಪಾಠ ಅವರೇ, ಪಟ್ಟಿಯನ್ನು ಬದಿಗಿಟ್ಟು ನಾಲ್ಕೈದು ಕಥೆಗಳನ್ನು ಮಾತ್ರ ಆರಿಸಿಕೊಳ್ಳಿ. ಆರಿಸಿಕೊಂಡ ಪ್ರತಿಯೊಂದು ಕಥೆಯನ್ನೂ ಕನಿಷ್ಠ ಎರಡು ರೂಪಗಳಲ್ಲಿ ಓದಿಸಿ. ಗ್ರೀಕ್ ಪುರಾಣಕ್ಕೆ ಒಂದೇ ಅಧಿಕೃತ ಗ್ರಂಥವಿಲ್ಲ. ಹೋಮರ್ ಒಂದು ಹೇಳುತ್ತಾನೆ, ಹೆಸಿಯಡ್ ಇನ್ನೊಂದು ಹೇಳುತ್ತಾನೆ, ಏಳು ನೂರು ವರ್ಷ ಕಳೆದ ಮೇಲೆ ರೋಮ್‌ನಲ್ಲಿ ಕುಳಿತ ಒವಿಡ್ ಅದನ್ನೇ ಲ್ಯಾಟಿನ್‌ನಲ್ಲಿ ತಿರುಚಿ ಹೇಳುತ್ತಾನೆ. ಪ್ರೇಮದೇವತೆ ಅಫ್ರೊಡೈಟಿಯನ್ನೇ ನೋಡಿ. ಹೆಸಿಯಡ್‌ನಲ್ಲಿ ಸಮುದ್ರದ ನೊರೆಯಿಂದ ಹುಟ್ಟಿದವಳು, ಹೋಮರ್‌ನ ‘ಇಲಿಯಡ್’ನಲ್ಲಿ ದೇವತೆಗಳ ರಾಜ ಜೀಯಸ್ ಮತ್ತು ಡಯೋನಿಯ ಮಗಳು. ಸಂಕಲನದ ಪುಸ್ತಕಗಳು ಇದನ್ನೆಲ್ಲ ಕಲಸಿ ಒಂದೇ ಕಥೆ ಮಾಡಿಬಿಡುತ್ತವೆ. ಆ ಕಲಸುಮೇಲೋಗರವನ್ನು ಬಿಡಿಸಿ ನೋಡುವುದೇ ಇಂಗ್ಲಿಷ್ ತರಗತಿಯ ಕೆಲಸ. ಯಾರು ಹೇಳುತ್ತಿದ್ದಾರೆ, ಯಾರಿಗೆ, ಏನನ್ನು ಬಿಟ್ಟರು ಎಂದು ಕೇಳಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗಂತೂ ಸಿಕ್ಕಿಲ್ಲ.

ಹೊಸ ಪಾಠ

ಎರಡು ರೂಪ ಎಂದರೆ ಕಾಲ ಇಮ್ಮಡಿ ಬೇಕಲ್ಲವೇ? ಒಂದು ಕಥೆಯನ್ನು ನೀವು ಹೇಗೆ ನಡೆಸುತ್ತೀರಿ ಎಂದು ಬಿಡಿಸಿ ಹೇಳಿದರೆ ಅನುಕೂಲ.

ಹಳೆಯ ಡಸ್ಟರ್

ಇಕಾರಸ್‌ನನ್ನೇ ತೆಗೆದುಕೊಳ್ಳಿ. ಮಕ್ಕಳಿಗೆ ಈ ಕಥೆ ಮೊದಲೇ ಗೊತ್ತಿರುತ್ತದೆ: ಮೇಣದ ರೆಕ್ಕೆ, ಅಪ್ಪನ ಮಾತು ಕೇಳದ ಮಗ, ಸೂರ್ಯ, ಸಮುದ್ರ. ನೀತಿಯನ್ನೂ ಅವರೇ ಹೇಳಿ ಮುಗಿಸುತ್ತಾರೆ. ಹೇಳಲಿ, ಬಿಡಿ. ಕಪ್ಪು ಹಲಗೆಯ ಮೇಲೆ ಆ ನೀತಿಯನ್ನು ಬರೆದೂ ಇಡಿ.

ಆಮೇಲೆ ಒವಿಡ್‌ನ ‘ಮೆಟಮಾರ್ಫಸೀಸ್’ ಎಂಟನೆಯ ಪುಸ್ತಕದ ಆ ಭಾಗವನ್ನು ಓದಿಸಿ. ತಂದೆ ಮಗ ಹಾರುತ್ತಿರುವಾಗ ಕೆಳಗಿನಿಂದ ಮೂವರು ನೋಡುತ್ತಾರೆ: ಗಾಳ ಹಾಕಿ ಕುಳಿತವನು, ಕೋಲಿಗೆ ಒರಗಿದ ಕುರುಬ, ನೇಗಿಲು ಹಿಡಿದ ರೈತ. ಆಕಾಶದಲ್ಲಿ ಹಾರುವವರು ದೇವತೆಗಳೇ ಇರಬೇಕೆಂದು ಮೂವರೂ ಬೆರಗಾಗುತ್ತಾರೆ. ಇದಾದ ಮೇಲೆ ಬ್ರೂಗಲ್‌ನದು ಎಂದು ಹೆಸರಾದ ವರ್ಣಚಿತ್ರವನ್ನು ತೋರಿಸಿ. ಅದು ಬ್ರಸೆಲ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ಈಗಿರುವುದು ಮೂಲ ಚಿತ್ರದ ನಕಲು ಎಂದು ಬಹಳಷ್ಟು ವಿದ್ವಾಂಸರು ಹೇಳುತ್ತಾರೆ, ನಮ್ಮ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಚಿತ್ರದಲ್ಲಿ ಅದೇ ಮೂವರಿದ್ದಾರೆ, ಆದರೆ ಯಾರೂ ಇಕಾರಸ್‌ನ ಕಡೆ ನೋಡುತ್ತಿಲ್ಲ. ರೈತ ಉಳುಮೆಯಲ್ಲಿ ತಲೆ ತಗ್ಗಿಸಿದ್ದಾನೆ. ಕುರುಬ ಬೇರೆ ದಿಕ್ಕಿನ ಆಕಾಶ ನೋಡುತ್ತಿದ್ದಾನೆ. ಕೆಳಗೆ ಬಲಮೂಲೆಯಲ್ಲಿ, ಹಡಗಿನ ಹತ್ತಿರ, ನೀರಿನಿಂದ ಹೊರಗೆ ಎರಡು ಕಾಲು. ಅಷ್ಟೇ ಇಕಾರಸ್. ಮಕ್ಕಳೇ ಹುಡುಕಲಿ, ನೀವು ಬೆರಳು ಮಾಡಿ ತೋರಿಸಬೇಡಿ. ಕಲಾವಿದ ಒವಿಡ್‌ನನ್ನು ಓದಿಯೇ ಬದಲಿಸಿದ್ದಾನೆ ಎಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ. ಇದೇ ಚಿತ್ರದ ಬಗ್ಗೆ ಡಬ್ಲ್ಯು. ಎಚ್. ಆಡೆನ್ 1938ರಲ್ಲಿ ಬರೆದ ಕವನವಿದೆ, ವಿಲಿಯಂ ಕಾರ್ಲೋಸ್ ವಿಲಿಯಮ್ಸ್‌ನ ಪುಟ್ಟ ಪದ್ಯವೂ ಇದೆ. ಎರಡನ್ನೂ ಒಂದೇ ಪಿರಿಯಡ್‌ನಲ್ಲಿ ಓದಬಹುದು.

ಈಗ ನನಗೆ ತುಂಬ ಇಷ್ಟವಾದ ಭಾಗ. ಆ ಚಿತ್ರದಲ್ಲಿ ಗಾಳದವನ ಹತ್ತಿರ ಕೊಂಬೆಯ ಮೇಲೆ ಒಂದು ಕೌಜುಗ ಹಕ್ಕಿ ಕುಳಿತಿದೆ. ಏಕೆ? ಒವಿಡ್‌ನಲ್ಲಿ ಇಕಾರಸ್‌ನ ಸಾವಿನ ಬೆನ್ನಿಗೇ ಬರುವ 25 ಸಾಲಿಗೂ ಕಡಿಮೆಯ ತುಣುಕನ್ನು ಓದಿಸಿ. ಡೆಡಲಸ್ ಮಗನ ಶವವನ್ನು ಮಣ್ಣು ಮಾಡುತ್ತಿರುವಾಗ ಕೆಸರಿನ ಕಾಲುವೆಯಿಂದ ಒಂದು ಕೌಜುಗ ರೆಕ್ಕೆ ಬಡಿದು ಸಂತೋಷದಿಂದ ಕೂಗುತ್ತದೆ. ಆ ಹಕ್ಕಿ ಮೊದಲು ಹುಡುಗನಾಗಿತ್ತು, ಡೆಡಲಸ್‌ನ ತಂಗಿಯ ಮಗ ಪರ್ಡಿಕ್ಸ್. ಹನ್ನೆರಡು ವಯಸ್ಸಿಗೆ ಮಾವನ ಬಳಿ ಕಲಿಯಲು ಬಂದವನು. ಮೀನಿನ ಬೆನ್ನೆಲುಬನ್ನು ನೋಡಿ ಗರಗಸ ಮಾಡಿದ, ವೃತ್ತ ಎಳೆಯುವ ಕೈವಾರ ಮಾಡಿದ. ಮಾವನಿಗೆ ಹೊಟ್ಟೆಕಿಚ್ಚು. ಅಥೀನಾಳ ಕೋಟೆಯ ಮೇಲಿಂದ ಅವನನ್ನು ತಳ್ಳಿಬಿಟ್ಟು, ಜಾರಿ ಬಿದ್ದನೆಂದು ಸುಳ್ಳು ಹೇಳಿದ. ಅಥೀನಾ ನಡುಗಾಳಿಯಲ್ಲೇ ಹುಡುಗನನ್ನು ಹಕ್ಕಿ ಮಾಡಿ ಉಳಿಸಿದಳು. ಆ ಬೀಳುವಿಕೆಯ ನೆನಪಿನಿಂದ ಕೌಜುಗ ಇಂದಿಗೂ ಎತ್ತರಕ್ಕೆ ಹಾರುವುದಿಲ್ಲವಂತೆ.

ಇದನ್ನು ಓದಿದ ಮೇಲೆ ಹಲಗೆಯ ಮೇಲಿನ ನೀತಿಯ ಕಡೆ ಬೆರಳು ತೋರಿಸಿ ಸುಮ್ಮನೆ ನಿಂತುಬಿಡಿ. ಅಪ್ಪನ ಮಾತು ಕೇಳಬೇಕು ಸರಿ, ಆದರೆ ಯಾವ ಅಪ್ಪ? ಆ ದಿನದ ಉಳಿದ ಪಾಠವನ್ನು ಮಕ್ಕಳೇ ನಡೆಸುತ್ತಾರೆ.

ಗ್ರಂಥಾಲಯದ ಮೂಲೆ

ಪರ್ಡಿಕ್ಸ್ ಕಥೆ ನನಗೆ ಗೊತ್ತೇ ಇರಲಿಲ್ಲ. ನಮ್ಮ ಕಪಾಟಿನಲ್ಲಿರುವ ಯಾವ ಮಕ್ಕಳ ಆವೃತ್ತಿಯಲ್ಲೂ ಅದು ಇಲ್ಲ.

ವಿರಾಮ ಚಿಹ್ನೆ

ಇಲ್ಲದಿರುವುದು ಆಶ್ಚರ್ಯವೇನಲ್ಲ. ಥಾಮಸ್ ಬುಲ್‌ಫಿಂಚ್ 1855ರಲ್ಲಿ ಇಂಗ್ಲಿಷ್ ಓದುಗರಿಗಾಗಿ ಈ ಕಥೆಗಳನ್ನು ಮರಳಿ ಹೇಳಿದಾಗ ಸಭ್ಯ ಅಭಿರುಚಿಗೆ ಒಗ್ಗದ್ದನ್ನು ಬಿಟ್ಟಿರುವುದಾಗಿ ಮುನ್ನುಡಿಯಲ್ಲೇ ಹೇಳಿಕೊಂಡ. ಆ ಜರಡಿಯನ್ನು ನಂತರದ ಅನೇಕರು ಕೆಳಗಿಡಲೇ ಇಲ್ಲ. ನಾವು ಮೂಲವೆಂದು ಕೊಡುವುದು ಎಷ್ಟೋ ಸಲ ಹತ್ತೊಂಬತ್ತನೆಯ ಶತಮಾನದ ಶಿಷ್ಟಾಚಾರ.

ಇದು ಹೊಸ ಪಾಠ ಅವರ ಎರಡನೆಯ ಪ್ರಶ್ನೆಗೂ ಸಂಬಂಧಿಸಿದ್ದು. ‘ಅಪೊಲೊ ಡ್ಯಾಫ್ನಿಯನ್ನು ಪ್ರೀತಿಸಿದ’ ಎಂದು ಮಕ್ಕಳ ಪುಸ್ತಕ ಹೇಳುತ್ತದೆ. ಒವಿಡ್ ಅಷ್ಟು ನಯವಾಗಿ ಹೇಳುವುದಿಲ್ಲ. ಅವಳು ಓಡುತ್ತಾಳೆ, ಅವನು ಮೊಲದ ಹಿಂದೆ ಬಿದ್ದ ಬೇಟೆನಾಯಿಯಂತೆ ಅಟ್ಟುತ್ತಾನೆ, ಅವಳು ತಂದೆಯಾದ ನದಿಯನ್ನು ಬೇಡಿಕೊಂಡು ಲಾರೆಲ್ ಮರವಾಗುತ್ತಾಳೆ. ಮರವಾದ ಮೇಲೂ ಅವನು ಬಿಡುವುದಿಲ್ಲ. ನೀನು ಇನ್ನು ಮುಂದೆ ನನ್ನ ಮರ, ನಿನ್ನ ಎಲೆ ನನ್ನ ಮುಡಿಗೆ ಎನ್ನುತ್ತಾನೆ. ಕೊನೆಯಲ್ಲಿ ಮರದ ತುದಿ ತಲೆಯಾಡಿಸಿದಂತೆ ಕಂಡಿತು ಎಂದು ಒವಿಡ್ ಬರೆಯುತ್ತಾನೆ. ಯಾರಿಗೆ ಹಾಗೆ ಕಂಡಿತು? ನಾನು ಕೇಳುವುದು ಇದೊಂದೇ ಪ್ರಶ್ನೆ. ಹುಡುಗಿಯರು ಮೊದಲು ಉತ್ತರಿಸುತ್ತಾರೆ, ಹುಡುಗರು ಸ್ವಲ್ಪ ತಡವಾಗಿ. ಹಿಂಸೆಯನ್ನು ವರ್ಣಿಸುವ ಅಗತ್ಯವೇ ಬರುವುದಿಲ್ಲ, ಮುಚ್ಚಿಡುವ ಅಗತ್ಯವೂ ಬರುವುದಿಲ್ಲ.

ಕೆಂಪು ಶಾಯಿ

ಪೋಷಕರು ದೂರು ತಂದರೆ ಯಾರು ಉತ್ತರ ಕೊಡುವುದು?

ವಿರಾಮ ಚಿಹ್ನೆ

ನಾನೇ. ಪಾಠಕ್ಕೆ ಮೊದಲೇ ಯಾವ ಯಾವ ಭಾಗ ಓದುತ್ತೇವೆ ಎಂದು ಮನೆಗೆ ಒಂದು ಚೀಟಿ ಕಳುಹಿಸುತ್ತೇನೆ, ಮುಖ್ಯೋಪಾಧ್ಯಾಯರಿಗೂ ಒಂದು ಪ್ರತಿ. ಮಕ್ಕಳಿಗೂ ಮುನ್ಸೂಚನೆ ಕೊಡುತ್ತೇನೆ. ತರಗತಿಯಲ್ಲಿ ಯಾರಾದರೂ ಇಂಥದ್ದನ್ನು ಸ್ವತಃ ಅನುಭವಿಸಿರಬಹುದು ಎಂಬ ಎಚ್ಚರ ನಮಗಿರಬೇಕು. ಅಂಥವರನ್ನು ಎದ್ದುನಿಂತು ಓದು ಎಂದು ಹೇಳುವುದು ಕ್ರೌರ್ಯ. ಆದ್ದರಿಂದ ಈ ಭಾಗಗಳನ್ನು ನಾನೇ ಓದುತ್ತೇನೆ. ಎಲ್ಲ ಕಥೆಗಳೂ ಎಲ್ಲ ತರಗತಿಗೂ ಬೇಕಿಲ್ಲ. ಒವಿಡ್ ಹೇಳುವ ಮೆಡೂಸಾಳ ಹಿನ್ನೆಲೆಯನ್ನು ನಾನು ಹತ್ತನೆಯ ತರಗತಿಗೆ ಮುಂಚೆ ಮುಟ್ಟುವುದಿಲ್ಲ.

ನಾಟಕದ ಮೇಷ್ಟರು

ಎಲ್ಲರೂ ಒವಿಡ್ ಒವಿಡ್ ಎನ್ನುತ್ತಿದ್ದೀರಿ. ಆತ ಕ್ರಿ.ಶ. 8ರಲ್ಲಿ ಚಕ್ರವರ್ತಿ ಅಗಸ್ಟಸ್‌ನಿಂದ ಗಡೀಪಾರಾದ ರೋಮನ್ ಕವಿ. ಹೇಳಬೇಕಾದ್ದು ಗ್ರೀಕ್ ಪುರಾಣ, ಓದಿಸುವುದು ಲ್ಯಾಟಿನ್ ಕವಿಯನ್ನೇ? ಗ್ರೀಕರು ಈ ದೇವತೆಗಳಿಗೆ ನಿಜವಾಗಿ ಬಲಿ ಕೊಡುತ್ತಿದ್ದರು, ಹಬ್ಬ ಮಾಡುತ್ತಿದ್ದರು. ಒವಿಡ್‌ಗೆ ಅವರೆಲ್ಲ ಚಮತ್ಕಾರದ ಸಾಮಗ್ರಿ. ಮಕ್ಕಳು ಇದು ಯಾರದೋ ಧರ್ಮವಾಗಿತ್ತು ಎಂಬುದನ್ನೇ ಮರೆಯುತ್ತಾರೆ.

ಬೆಳೆಯ ದೇವತೆ ಡಿಮೀಟರ್‌ಳ ಕುರಿತ ಹೋಮರೀಯ ಸ್ತೋತ್ರವನ್ನು ಓದಿಸಿ ನೋಡಿ. ಸುಮಾರು 500 ಸಾಲು, ಹೆಸರು ಹೋಮರೀಯ ಆದರೂ ಬರೆದವರು ಯಾರೋ ತಿಳಿಯದು. ಎಲ್ಯೂಸಿಸ್‌ನಲ್ಲಿ ನಡೆಯುತ್ತಿದ್ದ ರಹಸ್ಯ ಆಚರಣೆಗಳ ಮೂಲಕಥೆ ಅದು. ಆ ಆಚರಣೆಗಳು ಕ್ರಿ.ಶ. 4ನೇ ಶತಮಾನದ ಕೊನೆಯವರೆಗೂ ನಡೆದವು. ಪಠ್ಯಪುಸ್ತಕಗಳು ಇದನ್ನು ‘ಋತುಗಳು ಏಕೆ ಬರುತ್ತವೆ’ ಎಂಬುದರ ವಿವರಣೆ ಎಂದು ಎರಡು ವಾಕ್ಯದಲ್ಲಿ ಮುಗಿಸುತ್ತವೆ. ಏನೂ ತಿಳಿಯದ ಜನ ಮಳೆ ಗುಡುಗಿಗೆ ಕಾರಣ ಹುಡುಕಲು ಕಟ್ಟಿದ್ದೇ ಪುರಾಣ ಎಂಬ ಆ ಸವಕಲು ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಸ್ತೋತ್ರದ ತುಂಬ ಇರುವುದು ಮಗಳನ್ನು ಕಳೆದುಕೊಂಡ ತಾಯಿ. ಪಾತಾಳದ ಒಡೆಯ ಹೇಡಿಸ್ ಹುಡುಗಿಯನ್ನು ಹೊತ್ತೊಯ್ದದ್ದು ಅವಳ ತಂದೆ ಜೀಯಸ್‌ನ ಒಪ್ಪಿಗೆಯಿಂದ. ತಾಯಿಗೆ ಯಾರೂ ನಿಜ ಹೇಳುವುದಿಲ್ಲ. ಅವಳು ಮುದುಕಿಯ ವೇಷದಲ್ಲಿ ಮನುಷ್ಯರ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತಾಳೆ. ಕೊನೆಗೆ ಭೂಮಿಯಲ್ಲಿ ಬೆಳೆಯನ್ನೇ ನಿಲ್ಲಿಸಿ ದೇವತೆಗಳನ್ನು ಮಣಿಸುತ್ತಾಳೆ.

ಅದರಲ್ಲೊಂದು ಸೂಕ್ಷ್ಮವಿದೆ. ಪಾತಾಳದಲ್ಲಿ ಏನಾದರೂ ತಿಂದಿದ್ದರೆ ಮಗಳು ಪ್ರತಿ ವರ್ಷ ಒಂದಷ್ಟು ಕಾಲ ಅಲ್ಲಿಗೇ ಮರಳಬೇಕು. ಹೇಡಿಸ್ ದಾಳಿಂಬೆಯ ಕಾಳನ್ನು ಗುಟ್ಟಾಗಿ ತಿನ್ನಿಸಿದ ಎಂದು ಕವಿ ಹೇಳುತ್ತಾನೆ. ಮುಂದೆ ಪರ್ಸೆಫೊನಿ ತಾಯಿಗೆ ಹೇಳುವಾಗ ‘ನನಗೆ ಇಷ್ಟವಿಲ್ಲದಿದ್ದರೂ ಬಲವಂತದಿಂದ ತಿನ್ನಿಸಿದ’ ಎನ್ನುತ್ತಾಳೆ. ಎರಡು ಆವೃತ್ತಿ ಹುಡುಕಿಕೊಂಡು ಹೋಗುವ ಕಷ್ಟವೂ ಇಲ್ಲ, ಒಂದೇ ಕವನದೊಳಗೆ ಎರಡು ಹೇಳಿಕೆ. ಅವಳು ತಾಯಿಗೆ ಹೆದರಿ ಮಾತು ಬದಲಿಸಿದಳೇ, ಅಥವಾ ಕವಿಗಿಂತ ಅವಳಿಗೇ ಹೆಚ್ಚು ಗೊತ್ತೇ? ಒಂದು ತರಗತಿಯನ್ನು ಎರಡು ಪಕ್ಷ ಮಾಡಲು ಇಷ್ಟು ಸಾಕು.

ಹಳೆಯ ಡಸ್ಟರ್

ಮೇಷ್ಟರೇ, ಒಪ್ಪಿದೆ. ಆದರೂ ಇಂಗ್ಲಿಷ್ ಸಾಹಿತ್ಯಕ್ಕೆ ಈ ಕಥೆಗಳು ಬಹುಪಾಲು ಬಂದದ್ದು ಒವಿಡ್‌ನ ಬಾಗಿಲಿನಿಂದಲೇ. ಆರ್ಥರ್ ಗೋಲ್ಡಿಂಗ್‌ನ ಅನುವಾದ 1567ರಲ್ಲಿ ಪೂರ್ಣಗೊಂಡಿತು, ಶೇಕ್ಸ್‌ಪಿಯರ್ ಅದನ್ನು ಚೆನ್ನಾಗಿಯೇ ಬಳಸಿಕೊಂಡ. ಬಿರುಕು ಬಿಟ್ಟ ಗೋಡೆಯ ಆಚೆ ಈಚೆ ಪಿಸುಗುಡುವ ಪ್ರೇಮಿಗಳಾದ ಪಿರಮಸ್ ಮತ್ತು ಥಿಸ್ಬಿಯನ್ನು ಓದಿದ ಮಕ್ಕಳಿಗೆ ರೋಮಿಯೋ ಕಥೆಯ ಅಂತ್ಯ ದೂರದಿಂದಲೇ ಕಾಣುತ್ತದೆ. ಅದೇ ಕಥೆಯನ್ನು ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನ ಕೊನೆಯ ಅಂಕದಲ್ಲಿ ಕುಶಲಕರ್ಮಿಗಳು ಆಡಿ ನಗೆಪಾಟಲಾಗುತ್ತಾರೆ.

ಗ್ರಂಥಾಲಯದ ಮೂಲೆ

ಒಂದು ಸಣ್ಣ ಅನುಮಾನ. ಮಕ್ಕಳು ತಮಗೆ ಗೊತ್ತಿರುವ ಮಹಾಕಾವ್ಯಗಳೊಂದಿಗೆ ಹೋಲಿಸಲು ಹೊರಟರೆ ಬಿಡಬೇಕೇ? ಅಕಿಲಿಸ್‌ನ ಹಿಮ್ಮಡಿ ಎಂದ ಕೂಡಲೇ ದುರ್ಯೋಧನನ ತೊಡೆ ಎನ್ನುತ್ತಾರೆ.

ನಾಟಕದ ಮೇಷ್ಟರು

ಬಿಡಿ, ಆದರೆ ಹೋಲಿಕೆ ಅಲ್ಲಿಗೇ ನಿಂತರೆ ಪ್ರಯೋಜನವಿಲ್ಲ. ಎರಡೂ ಒಂದೇ ಎಂದು ಕೈತೊಳೆದುಕೊಳ್ಳುವುದು ಸೋಮಾರಿತನ. ಬಿ.ಎಂ.ಶ್ರೀ. ಸೊಫೊಕ್ಲಿಸ್‌ನ ಏಜಾಕ್ಸ್ ನಾಟಕದ ಚೌಕಟ್ಟಿನಲ್ಲಿ ‘ಅಶ್ವತ್ಥಾಮನ್’ ಬರೆದರಲ್ಲ, ಅಲ್ಲಿ ಹೊಂದುವುದರಷ್ಟೇ ಹೊಂದದಿರುವುದೂ ಮುಖ್ಯ. ಏಜಾಕ್ಸ್ ಅವಮಾನ ತಾಳಲಾರದೆ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ, ಮಹಾಭಾರತದ ಅಶ್ವತ್ಥಾಮನಿಗೆ ಸಾವೇ ಇಲ್ಲ. ಆ ಬಿರುಕನ್ನು ತೋರಿಸಿ.

ಅಂದಹಾಗೆ ಅಕಿಲಿಸ್‌ನ ಹಿಮ್ಮಡಿ ಹೋಮರ್‌ನಲ್ಲಿ ಇಲ್ಲ. ತಾಯಿ ಅವನನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದ ಕಥೆ ಕ್ರಿ.ಶ. ಒಂದನೇ ಶತಮಾನದ ಸ್ಟೇಷಿಯಸ್‌ನಲ್ಲಿ ಸಿಗುತ್ತದೆ. ಮರದ ಕುದುರೆ ಕೂಡ ‘ಇಲಿಯಡ್’ನಲ್ಲಿ ಇಲ್ಲ. ಆ ಕಾವ್ಯ ಹೆಕ್ಟರ್‌ನ ಅಂತ್ಯಸಂಸ್ಕಾರದೊಂದಿಗೆ ಮುಗಿಯುತ್ತದೆ. ಇವೆರಡನ್ನೂ ‘ಇಲಿಯಡ್’ನ ಕಥೆ ಎಂದು ಪ್ರಶ್ನೆಪತ್ರಿಕೆಯಲ್ಲಿ ಹಾಕುವವರು ಇನ್ನೂ ಇದ್ದಾರೆ.

ಹೊಸ ಪಾಠ

ಇಷ್ಟು ಉತ್ತರ ಬರುತ್ತದೆಂದು ಎಣಿಸಿರಲಿಲ್ಲ. ಇಕಾರಸ್, ಪರ್ಸೆಫೊನಿ, ಪಿರಮಸ್ ಮತ್ತು ಥಿಸ್ಬಿ, ಡ್ಯಾಫ್ನಿ ಎಂದು ಸದ್ಯಕ್ಕೆ ಗುರುತು ಹಾಕಿಕೊಂಡಿದ್ದೇನೆ. ಇಲ್ಲಿಂದ ‘ಒಡಿಸ್ಸಿ’ಗೆ ದಾಟುವುದು ಹೇಗೆ? ಒಕ್ಕಣ್ಣ ರಾಕ್ಷಸನ ಭಾಗ ಪಠ್ಯದಲ್ಲಿ ಕಡ್ಡಾಯ.

ನಾಟಕದ ಮೇಷ್ಟರು

ಅದಕ್ಕಿಂತ ಒಳ್ಳೆಯ ಸೇತುವೆ ಬೇಕೇ? ಒಂಬತ್ತರಿಂದ ಹನ್ನೆರಡನೆಯ ಪುಸ್ತಕದವರೆಗೆ ಕಥೆ ಹೇಳುತ್ತಿರುವವನು ಹೋಮರ್ ಅಲ್ಲ, ಸ್ವತಃ ಒಡಿಸಿಯಸ್. ಕೇಳುತ್ತಿರುವವರು ಫಿಯೇಶಿಯನ್ನರು, ಅವನನ್ನು ಊರು ಮುಟ್ಟಿಸಲು ಹಡಗು ಕೊಡಬೇಕಾದವರು. ಜೊತೆಯಲ್ಲಿದ್ದ ಸಂಗಡಿಗರೆಲ್ಲ ಆ ಹೊತ್ತಿಗೆ ಸತ್ತಿದ್ದಾರೆ. ಹಾಗಾದರೆ ಆ ಒಕ್ಕಣ್ಣ ರಾಕ್ಷಸ ಪಾಲಿಫೀಮಸ್‌ನ ಗುಹೆಯಲ್ಲಿ ನಡೆದದ್ದಕ್ಕೆ ಸಾಕ್ಷಿ ಯಾರು? ಇಷ್ಟು ಹೊತ್ತು ‘ಯಾರು ಹೇಳುತ್ತಿದ್ದಾರೆ’ ಎಂದು ಕೇಳಿ ಕೇಳಿ ಪಳಗಿದ ಮಕ್ಕಳು ಈ ಪ್ರಶ್ನೆಯನ್ನು ಚೆಂಡಿನಂತೆ ಹಿಡಿಯುತ್ತಾರೆ.

ಓದಿಸುವಾಗ ಗಮನಿಸಿ: ಗುಹೆಗೆ ಕರೆಯದೆ ನುಗ್ಗಿದ್ದು, ಗಿಣ್ಣು ತಿಂದದ್ದು ಇವರೇ. ಸಿಕ್ಕಿದ್ದನ್ನು ಎತ್ತಿಕೊಂಡು ಹೊರಟುಬಿಡೋಣ ಎಂದು ಸಂಗಡಿಗರು ಗೋಗರೆದರೂ ಅತಿಥಿಯ ಉಡುಗೊರೆ ಸಿಗಬಹುದೆಂದು ಒಡಿಸಿಯಸ್ ಕುಳಿತೇ ಇರುತ್ತಾನೆ. ಅತಿಥಿಯೂ ಆತಿಥೇಯನೂ ಪಾಲಿಸಬೇಕಾದ ಧರ್ಮವನ್ನು ಜೀಯಸ್ ಕಾಯುತ್ತಾನೆ ಎಂಬುದು ಆ ಕಾವ್ಯದ ಬೆನ್ನೆಲುಬು. ಪಾಲಿಫೀಮಸ್ ಬಂದವರನ್ನೇ ಹಿಡಿದು ತಿನ್ನುತ್ತಾನೆ, ಹೀಗೆ ಇಲ್ಲಿ ಇಬ್ಬರೂ ಅದನ್ನು ಮುರಿಯುತ್ತಾರೆ. ತಪ್ಪಿಸಿಕೊಂಡು ಹಡಗು ಹತ್ತಿದ ಮೇಲೂ ಒಡಿಸಿಯಸ್ ಬಾಯಿ ಕಟ್ಟಿಕೊಳ್ಳಲಾರದೆ ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರನ್ನು ಕೂಗಿ ಹೇಳುತ್ತಾನೆ. ಪಾಲಿಫೀಮಸ್ ಅದನ್ನೇ ಹಿಡಿದು ತನ್ನ ತಂದೆ, ಸಮುದ್ರದ ದೇವತೆ ಪೊಸೈಡನ್‌ಗೆ ಶಾಪದ ಮೊರೆ ಇಡುತ್ತಾನೆ. ಈ ದೃಶ್ಯವನ್ನು ಕುಳಿತು ಓದಿಸಬೇಡಿ. ಒಬ್ಬ ಹುಡುಗ ಮೇಜಿನ ಮೇಲೆ ನಿಂತು ಕೂಗಲಿ, ಉಳಿದವರು ಹಡಗಿನವರಾಗಿ ಅವನ ಬಾಯಿ ಮುಚ್ಚಿಸಲು ನೋಡಲಿ.

ಗ್ರಂಥಾಲಯದ ಮೂಲೆ

ಪಕ್ಕದ ತರಗತಿಯವರಿಗೆ ಮೊದಲೇ ತಿಳಿಸಿ.

ಕೆಂಪು ಶಾಯಿ

ಎಲ್ಲ ಸರಿ, ಅಂಕ ಹೇಗೆ ಕೊಡುತ್ತೀರಿ? ‘ಪರ್ಸೆಫೊನಿಯ ದಿನಚರಿ ಬರೆಯಿರಿ’ ಎಂಬಂಥ ಪ್ರಶ್ನೆ ಮಾತ್ರ ಬೇಡ. ಅಂಥ ಉತ್ತರಗಳನ್ನು ಸಾಕಷ್ಟು ತಿದ್ದಿದ್ದೇನೆ. ಕತ್ತಲು, ಕಣ್ಣೀರು, ಅಮ್ಮನ ನೆನಪು, ಮುಗಿಯಿತು. ಮೂಲ ಓದದವನೂ ಅದನ್ನು ಬರೆಯಬಲ್ಲ.

ವಿರಾಮ ಚಿಹ್ನೆ

ಈ ಚರ್ಚೆಯಲ್ಲಿ ಮೊದಲ ಸಲ ನಿಮ್ಮೊಂದಿಗೆ ಪೂರ್ತಿ ಒಪ್ಪುತ್ತೇನೆ ಸರ್. ನಾನು ಓದಿಸದ ಇನ್ನೊಂದು ಆವೃತ್ತಿಯ ತುಣುಕು ಕೊಡುತ್ತೇನೆ. ಒವಿಡ್ ಪರ್ಸೆಫೊನಿಯ ಕಥೆಯನ್ನು ಹೇಳುವಾಗ ಅವಳೇ ತೋಟದಲ್ಲಿ ಅಲೆಯುತ್ತ ಹಣ್ಣು ಕಿತ್ತು ಏಳು ಕಾಳು ತಿನ್ನುತ್ತಾಳೆ, ಮತ್ತು ವರ್ಷವನ್ನು ಅರ್ಧರ್ಧ ಪಾಲು ಮಾಡುತ್ತಾರೆ. ಗ್ರೀಕ್ ಸ್ತೋತ್ರದಲ್ಲಿ ಅವಳು ಗಂಡನ ಬಳಿ ಇರಬೇಕಾದ್ದು ಮೂರನೆಯ ಒಂದು ಪಾಲು ಮಾತ್ರ. ‘ಎರಡನೆಯ ಕವಿ ಏನನ್ನು ಬದಲಿಸಿದ್ದಾನೆ, ಅದರಿಂದ ಅಪರಾಧದ ಹೊರೆ ಯಾರ ಹೆಗಲಿಗೆ ಹೋಯಿತು, ಸಾಲುಗಳನ್ನು ಎತ್ತಿ ತೋರಿಸಿ.’ ಇದು ಪ್ರಶ್ನೆ. ಪುಸ್ತಕ ತೆರೆದಿಟ್ಟುಕೊಂಡೇ ಬರೆಯಲಿ, ನಕಲು ಹೊಡೆಯಲು ಏನೂ ಇಲ್ಲ.

ಕೆಂಪು ಶಾಯಿ

ಪ್ರಶ್ನೆ ಚೆನ್ನಾಗಿದೆ, ಕದಿಯುತ್ತೇನೆ. ಕೋಷ್ಟಕವನ್ನು ಬಿಡುವುದಿಲ್ಲ. ಫೇಟನ್‌ನ ಹೆಸರನ್ನೂ ಅದರಲ್ಲಿ ಸೇರಿಸುತ್ತೇನೆ.

ಹೊಸ ಪಾಠ

ಸರ್, ನನ್ನ ಸಮಾನಾಂತರ ವಿಭಾಗದವರೂ ಕೋಷ್ಟಕದ ಪಕ್ಷವೇ, ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ. ಹೊಂದಿಸಿ ಬರೆಯುವ ಪ್ರಶ್ನೆ ಇದ್ದೇ ಇರುತ್ತದೆ.

ಹಳೆಯ ಡಸ್ಟರ್

ಹಾಗಾದರೆ ಕೋಷ್ಟಕವನ್ನು ಮಕ್ಕಳಿಂದಲೇ ಮಾಡಿಸಿ, ಘಟಕದ ಕೊನೆಯಲ್ಲಿ. ಖಾಲಿ ಹಾಳೆ ಕೊಟ್ಟು, ಓದಿದ ಕಥೆಗಳಲ್ಲಿ ಸಿಕ್ಕ ದೇವತೆಗಳನ್ನು ತುಂಬಲು ಹೇಳಿ. ಪ್ರತಿ ಹೆಸರಿನ ಮುಂದೆ ‘ಯಾವ ಕವಿ ಹೇಳಿದ್ದು’ ಎಂಬ ಒಂದು ಹೆಚ್ಚಿನ ಅಂಕಣ ಇರಲಿ. ಉಳಿದ ನಾಲ್ಕೈದು ಹೆಸರುಗಳನ್ನು ಪರೀಕ್ಷೆಯ ಹಿಂದಿನ ದಿನ ಹಲಗೆಯ ಮೇಲೆ ಬರೆದುಕೊಡಿ, ಹದಿನೈದು ನಿಮಿಷದ ಕೆಲಸ.